ಯಾರ ಕೈಲಿತ್ತು?

ಏಳು ವರ್ಷದವಳಿದ್ದಾಗ ನಾನೊಮ್ಮೆ ಸಾಕ್ಷಿ ಹೇಳಿದ್ದೆ. ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆಯೇ ಕೋರ್ಟು. 1986ರ ಬೇಸಿಗೆ, ತಾತನ ಷಷ್ಟ್ಯಬ್ದಿಯ ದಿನ. ಊಟ ಮುಗಿದು, ಎಲೆ ಎತ್ತಿ, ನೆಲ ಒರೆಸಿಯಾಗಿತ್ತು. ದೊಡ್ಡವರು ಗೋಡೆಗೆ ಒರಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅಪ್ಪ ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಪುಟ್ಟಿ, ಸುಳ್ಳು ಹೇಳಬಾರದು. ಕ್ಯಾಮೆರಾ ಯಾರ ಕೈಲಿತ್ತು?" ಅಂದರು.

"ಚಿಕ್ಕಪ್ಪನ ಕೈಲಿ."

ನಾನು ಹೇಳಿದ್ದು ನಿಜ. ಅಲ್ಲಿದ್ದವರೆಲ್ಲ ಕಂಡಿದ್ದ ನಿಜ. ಸಂಜೆ ಕಾಫಿಯ ಹೊತ್ತಿಗೆ ಅದು "ಕ್ಯಾಮೆರಾ ಕೆಡಿಸಿದ್ದು ಇವನು" ಎಂದಾಗಿತ್ತು. ಆಮೇಲೆ 38 ವರ್ಷ ಹಾಗೇ ಉಳಿಯಿತು. ಮಿಕ್ಸಿ ನಿಂತರೂ, ಸ್ಕೂಟರಿಗೆ ಕಿಕ್ ಹೊಡೆದು ಹೊಡೆದು ಸುಸ್ತಾದರೂ ಯಾರಾದರೊಬ್ಬರು ನಗುತ್ತ, "ಇವನೇನಾದ್ರೂ ಮುಟ್ಟಿದ್ನಾ?" ಅನ್ನುವರು. ಚಿಕ್ಕಪ್ಪನೂ ನಗುತ್ತಿದ್ದ. ಆಗ ಅವನಿಗೆ 22 ವರ್ಷ, ಮನೆಗೆ ಕೊನೆಯವನು. ಎಲ್ಲರೂ ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು. ನಾನೂ ಅಷ್ಟೆ, ಇವತ್ತಿಗೂ.

ಅದು ಪೋಲರಾಯ್ಡ್ ಎಸ್‌ಎಕ್ಸ್-70 ಕ್ಯಾಮೆರಾ. ಮಡಚಿದರೆ ದಪ್ಪನೆಯ ಡೈರಿಯಂತೆ ಕಾಣುತ್ತದೆ, ಬೆಳ್ಳಿ ಬಣ್ಣದ ಅಂಚು, ಮೇಲೆ ಕಂದು ಚರ್ಮ. ಮೇಲಿನ ತುದಿ ಹಿಡಿದು ಎತ್ತಿದರೆ ಗುಡಾರ ಎದ್ದ ಹಾಗೆ ಎದ್ದು ಕ್ಯಾಮೆರಾ ಆಗುತ್ತದೆ. ಅಮೆರಿಕದಲ್ಲಿದ್ದ ಸೋದರತ್ತೆ ಒಂದು ಸಲ ಬಂದಾಗ, ತಾವು ಬಳಸಿದ್ದನ್ನೇ ಇಲ್ಲಿ ಬಿಟ್ಟು ಹೋಗಿದ್ದರು. ಜೊತೆಗೆ ಕೊಟ್ಟಿದ್ದ ಫಿಲ್ಮು ಆ ವಾರವೇ ಮುಗಿಯಿತು. ಮುಂದಿನ ಫಿಲ್ಮಿಗಾಗಿ ಮೂರು ವರ್ಷ ಕಾದೆವು. ಷಷ್ಟ್ಯಬ್ದಿಗೆ ಹದಿನೈದು ದಿನ ಇದೆ ಎನ್ನುವಾಗ, ಅಲ್ಲಿಂದ ಬಂದ ಪರಿಚಯದವರೊಬ್ಬರ ಸೂಟ್‌ಕೇಸಿನಲ್ಲಿ ಒಂದೇ ಒಂದು ಪ್ಯಾಕು ಬಂತು. ಒಂದು ಪ್ಯಾಕಿನಲ್ಲಿ 10 ಫೋಟೋ.

ಈಗಿನ ವಿದ್ಯಾರ್ಥಿಗಳಿಗೆ ಆ ಹತ್ತರ ತೂಕ ಗೊತ್ತಾಗುವುದು ಕಷ್ಟ. ಈ ಫೋಟೋಗೆ ನೆಗೆಟಿವ್ ಇಲ್ಲ, ಇನ್ನೊಂದು ಪ್ರತಿ ಇಲ್ಲ. ಒತ್ತಿದ ಕೂಡಲೇ ಒಳಗಿನ ಮೋಟಾರು ತಿರುಗುತ್ತದೆ. ಒಂದು ಸಣ್ಣ ಕೊಕ್ಕೆ ಪ್ಯಾಕಿನ ಮೇಲಿನ ಹಾಳೆಯನ್ನು ಹಿಂದಿನಿಂದ ಸಿಕ್ಕಿಸಿ ಮುಂದಕ್ಕೆ ತಳ್ಳುತ್ತದೆ. ಹಾಳೆ ಎರಡು ಉಕ್ಕಿನ ರೋಲರುಗಳ ನಡುವೆ ಹಾದು ಬರುತ್ತದೆ. ಪೋಲರಾಯ್ಡ್ ಫೋಟೋದ ಕೆಳಗಿನ ಬಿಳಿ ಅಂಚು ಮಾತ್ರ ಅಗಲವಾಗಿರುವುದನ್ನು ನೋಡಿರಬಹುದು. ರಾಸಾಯನಿಕದ ಪುಟ್ಟ ಚೀಲ ಇರುವುದು ಅಲ್ಲಿ. ರೋಲರು ಅದನ್ನು ಒಡೆದು, ಒಳಗಿನ ಲೇಹವನ್ನು ಹಾಳೆಯ ಪದರಗಳ ನಡುವೆ ತೆಳ್ಳಗೆ ಸವರುತ್ತದೆ. ಕತ್ತಲೆಕೋಣೆಯಲ್ಲಿ ಆಗಬೇಕಾದದ್ದೆಲ್ಲ ಆ ಹಾಳೆಯೊಳಗೇ ನಡೆಯುತ್ತದೆ. ಇದನ್ನು ಕಂಡುಹಿಡಿದ ಎಡ್ವಿನ್ ಲ್ಯಾಂಡ್‌ಗೆ ಯೋಚನೆ ಬಂದದ್ದು 1943ರಲ್ಲಿ, ಸಾಂಟಾ ಫೆಯಲ್ಲಿ ರಜೆಯಲ್ಲಿದ್ದಾಗ. ಈಗ ತೆಗೆದ ಫೋಟೋ ಈಗಲೇ ಯಾಕೆ ನೋಡೋಕಾಗಲ್ಲ ಎಂದು ಅವನ ಪುಟ್ಟ ಮಗಳು ಕೇಳಿದಳಂತೆ. 1948ರ ನವೆಂಬರಿನಲ್ಲಿ ಬಾಸ್ಟನ್ನಿನ ಅಂಗಡಿಯಲ್ಲಿ ಮೊದಲ ಕ್ಯಾಮೆರಾ ಮಾರಾಟಕ್ಕೆ ಬಂತು. ನಮ್ಮ ಮನೆಯಲ್ಲಿದ್ದ ಮಾದರಿ 1972ರದು. ಮಗುವಿನ ಪ್ರಶ್ನೆಯಿಂದ ಅಲ್ಲೊಂದು ಕ್ಯಾಮೆರಾ ಹುಟ್ಟಿತು. ನಮ್ಮ ಮನೆಯಲ್ಲಿ ಮಗುವಿನ ಉತ್ತರದಿಂದ ಆದದ್ದು ಬೇರೆ.

ಅಂದು ಏಳು ಫೋಟೋ ಬಂದವು. ಎಂಟನೆಯದಕ್ಕೆ ಸದ್ದು ಬಂತು, ಫೋಟೋ ಬರಲಿಲ್ಲ. ಆಗ ಕ್ಯಾಮೆರಾ ಚಿಕ್ಕಪ್ಪನ ಕೈಲಿತ್ತು. ಬಂದ ಏಳೂ ಬಿಳಿಚಿಕೊಂಡಿದ್ದವು. ಮುಖಕ್ಕೆ ಅಕ್ಕಿಹಿಟ್ಟು ಮೆತ್ತಿದ ಹಾಗೆ. ತಾತನ ಪಂಚೆಯೂ ಹಿಂದಿನ ಗೋಡೆಯೂ ಒಂದೇ ಬಣ್ಣ. "ಕೈ ನಡುಗಿಸಿರ್ತಾನೆ" ಎಂದು ತೀರ್ಮಾನವಾಯಿತು. ಕೈ ನಡುಗಿದರೆ ಚಿತ್ರ ಕದಡುತ್ತದೆ, ಬಿಳಿಚುವುದಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಕ್ಯಾಮೆರಾ ಟ್ರಂಕು ಸೇರಿತು, ಟ್ರಂಕು ಅಟ್ಟ ಸೇರಿತು.

*

ಅಪ್ಪ ತೀರಿಕೊಂಡು ಮೂರು ವರ್ಷವಾದ ಮೇಲೆ, 2024ರಲ್ಲಿ, ಅಟ್ಟ ಖಾಲಿ ಮಾಡುವಾಗ ಆ ಟ್ರಂಕು ಇಳಿಯಿತು. ಆ ವರ್ಷ ಚಿಕ್ಕಪ್ಪನಿಗೂ 60. ಶಾಂತಿ ಗೀಂತಿ ಏನೂ ಬೇಡ ಎಂದು ಮೊದಲೇ ಹೇಳಿಬಿಟ್ಟಿದ್ದ. ಈ ಕ್ಯಾಮೆರಾ ಸರಿಮಾಡಿಸಿ ಅವನದೊಂದು ಫೋಟೋ ತೆಗೆಯೋಣ ಎಂದು ನನಗೆ ಹೊಳೆಯಿತು. ಇದರಲ್ಲಿ ಸ್ವಲ್ಪ ತಮಾಷೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅವನ ಹೆಸರಿಗೆ ಅಂಟಿದ್ದ ಕ್ಯಾಮೆರಾವನ್ನು ಅವನ ಮುಂದೆಯೇ ಇಡುವ ತಮಾಷೆ.

ಯಾರೋ ಹೇಳಿ ಉಪ್ಪಾರಪೇಟೆಯ ಒಬ್ಬ ಮೆಕ್ಯಾನಿಕ್ ಸಿಕ್ಕರು. ಉಪ್ಪು ತಯಾರಿಸುತ್ತಿದ್ದ, ಆಮೇಲೆ ಕೆರೆ, ಗೋಡೆಗಳ ಕೆಲಸಕ್ಕೆ ನಿಂತ ಉಪ್ಪಾರರ ಹೆಸರಿನ ಪೇಟೆ ಅದು. (ಫೋಟೋ ಫಿಲ್ಮಿನಲ್ಲಿರುವುದೂ ಒಂದು ಬಗೆಯ ಉಪ್ಪೇ, ಬೆಳ್ಳಿಯ ಲವಣ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಮೆಟ್ಟಿಲು ಹತ್ತುವಾಗ ನೆನಪಾಯಿತು ಅಷ್ಟೆ.) ಒಂದು ಕಾಲಕ್ಕೆ ಕೆಂಪೇಗೌಡ ರಸ್ತೆಯ ಆಚೀಚೆ ಎಲ್ಲಿ ನಿಂತರೂ ಒಂದು ಚಿತ್ರಮಂದಿರ ಕಾಣುತ್ತಿತ್ತು. ಈಗ ಅಲಂಕಾರ್ ಇದ್ದಲ್ಲಿ ಅಲಂಕಾರ್ ಪ್ಲಾಜಾ. ಹಿಮಾಲಯ, ಕೆಂಪೇಗೌಡ ಎಲ್ಲ ಹೋದವು. ಇಡೀ ಪ್ರದೇಶಕ್ಕೆ ಹೆಸರು ಕೊಟ್ಟ ಮೆಜೆಸ್ಟಿಕ್ ಕೂಡ ಇಲ್ಲ, ಹೆಸರು ಮಾತ್ರ ಬಸ್ಸಿನ ಬೋರ್ಡಿನಲ್ಲಿದೆ. ಈ ಮೆಕ್ಯಾನಿಕ್ ಆ ಕಾಲದವರು. ಪ್ರೊಜೆಕ್ಟರ್ ಬಿಚ್ಚಿ ಜೋಡಿಸುತ್ತಿದ್ದವರು. ರೀಲು ಹೋಗಿ ಡಿಜಿಟಲ್ ಬಂದ ಮೇಲೆ ಗಡಿಯಾರ, ಹೊಲಿಗೆ ಮೆಷಿನ್ನು, ಹಳೆ ಕ್ಯಾಮೆರಾ, ಕೈಗೆ ಬಂದದ್ದನ್ನೆಲ್ಲ ನೋಡುತ್ತಾರೆ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟೇ ಅಗಲದ ಕೋಣೆ.

ಕ್ಯಾಮೆರಾ ಮೇಜಿನ ಮೇಲಿಟ್ಟು ಅದರ ಚರಿತ್ರೆ ಹೇಳಲು ಶುರುಮಾಡಿದೆ. ನನಗರಿವಿಲ್ಲದೆಯೇ, "ನಮ್ಮ ಚಿಕ್ಕಪ್ಪ ಇದನ್ನ ಕೆಡಿಸಿಬಿಟ್ಟಿದ್ರು" ಎಂದೇ ಮೊದಲ ವಾಕ್ಯ ಬಂತು. ಅವರು ಅದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಕೊನೇ ಸಲ ಸರಿಯಾಗಿ ಬಂದಿದ್ದು ಯಾವಾಗ?" ಎಂದು ಕೇಳಿದರು.

ಅಪ್ಪ ಅಂದು ಕೇಳಿದ ಪ್ರಶ್ನೆ ಇದಲ್ಲ ಎಂದು ನನಗೆ ಹೊಳೆದದ್ದು ಮನೆಗೆ ಮರಳಿದ ಮೇಲೆ. ಆ ಗಳಿಗೆಯಲ್ಲಿ "1986" ಎಂದೆ. ಅವರು ನಕ್ಕರು. "ವರ್ಷ ಅಲ್ಲ ಮೇಡಂ. ಎಷ್ಟನೇ ಫೋಟೋ?"

"ಏಳು."

"ಹಂಗಾದ್ರೆ ಇದು ಮೂರು ತೋರಿಸ್ಬೇಕು" ಎಂದು ಕ್ಯಾಮೆರಾ ತಿರುಗಿಸಿ ಹಿಂಬದಿಯ ಪುಟ್ಟ ಕಿಂಡಿ ತೋರಿಸಿದರು. ಇನ್ನೆಷ್ಟು ಉಳಿದಿವೆ ಎಂದು ಹೇಳುವ ಲೆಕ್ಕದ ಕಿಂಡಿ ಅದು. ಅಲ್ಲಿ ಸೊನ್ನೆ ಇತ್ತು. ಮುಚ್ಚಳ ತೆಗೆಯಲು ನಾನು ಕೈ ಚಾಚಿದೆ. "ಇರಿ. ಪ್ಯಾಕು ಎಳೆದ್ರೆ ಲೆಕ್ಕ ಹೊಸದಾಗಿ ಶುರುವಾಗತ್ತೆ. ಮೊದ್ಲು ಬರ್ಕೊಳಿ" ಎಂದರು. ಬರೆದುಕೊಂಡೆ.

ಆ ಸೊನ್ನೆಯ ಅರ್ಥ ಸರಳ. ಏಳು ಹಾಳೆ ಹೊರಬಂದಿವೆ, ಗುಂಡಿ ಒತ್ತಿದ್ದು ಮಾತ್ರ ಹತ್ತು ಸಲ. ಆಗ ನೆನಪಾಯಿತು. ಎಂಟನೆಯದು ಬರದಿದ್ದಾಗ ಅಪ್ಪ ಕಸಿದುಕೊಂಡು ಒಮ್ಮೆ ಒತ್ತಿದ್ದರು. ಆಮೇಲೆ ಮಾವ ಒಬ್ಬರು, "ತೋರ್ಸಿ ಇಲ್ಲಿ" ಎಂದು ಒಮ್ಮೆ ಒತ್ತಿದ್ದರು. ಅಲ್ಲಿಗೆ ಲೆಕ್ಕ ಮುಗಿದು ಕ್ಯಾಮೆರಾ ಸುಮ್ಮನಾಗಿತ್ತು. ಕೊಕ್ಕೆ ಹಾಳೆಯನ್ನು ತಳ್ಳದೆ ಹೋದರೆ ಅದೇ ಹಾಳೆಯ ಮೇಲೆ ಮತ್ತೆ ಮತ್ತೆ ಬೆಳಕು ಬೀಳುತ್ತದೆಯಂತೆ. ಅಂದರೆ ಮೂರು ಜನ ಒತ್ತಿದ ಮೂರು ಚಿತ್ರಗಳು ಒಂದೇ ಹಾಳೆಯ ಮೇಲೆ, ಒಂದರ ಮೇಲೊಂದು ಇದ್ದವು.

"ಕ್ಯಾಮೆರಾ ಸತ್ತಿದೆಯಾ?" ಎಂದೆ. ಒತ್ತಿದರೆ ಈಗ ಸದ್ದೂ ಇರಲಿಲ್ಲ.

"ಸತ್ತಿರೋದು ಸೆಲ್ಲು." ಈ ಕ್ಯಾಮೆರಾದಲ್ಲಿ ಬ್ಯಾಟರಿ ಇರುವುದು ಕ್ಯಾಮೆರಾದಲ್ಲಲ್ಲ, ಪ್ಯಾಕಿನ ತಳದಲ್ಲಿ, ಕಾಗದದಷ್ಟು ತೆಳ್ಳಗೆ. 6 ವೋಲ್ಟ್. ಪ್ರತಿ ಹೊಸ ಪ್ಯಾಕಿನ ಜೊತೆ ಹೊಸ ಬ್ಯಾಟರಿ. 38 ವರ್ಷದ ಪ್ಯಾಕಿನಲ್ಲಿ ಜೀವ ಇರುವುದಾದರೂ ಹೇಗೆ?

ಪ್ಯಾಕು ಸುಲಭಕ್ಕೆ ಬರಲಿಲ್ಲ. ಅವರು ಎಳೆಯಲೂ ಇಲ್ಲ. ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಪ್ಯಾಕಿನ ಅಡಿಗೆ ತೂರಿಸಿ, ಒಂದೊಂದೇ ಕೂದಲೆಳೆಯಷ್ಟು ಸರಿಸುತ್ತ ಹತ್ತು ನಿಮಿಷ ತೆಗೆದುಕೊಂಡರು. ಹೊರಗೆ ಬಂದ ಮೇಲೆ ಅಂಗಾತ ಮಾಡಿ ಬೆರಳಿಟ್ಟು ತೋರಿಸಿದರು. ತಳದಲ್ಲಿ ಸಣ್ಣ ಉಬ್ಬುಗಳು, ಅರ್ಧ ಜಜ್ಜಿಹೋಗಿದ್ದವು. "ಇದು ಇದರ ಫಿಲ್ಮೇ ಅಲ್ಲ."

ಟ್ರಂಕಿನಲ್ಲಿ ಕ್ಯಾಮೆರಾದ ಜೊತೆ ಫಿಲ್ಮಿನ ಖಾಲಿ ಡಬ್ಬಿಯೂ ಇತ್ತು, ನಾನು ಅದನ್ನೂ ತಂದಿದ್ದೆ. ಅದರ ಮೇಲೆ ದಪ್ಪಕ್ಷರದಲ್ಲಿ 600 ಎಂದು ಬರೆದಿತ್ತು. 1981ರಲ್ಲಿ ಹೊಸ ಬಗೆಯ ಕ್ಯಾಮೆರಾಗಳಿಗೆಂದು ಬಂದ ಫಿಲ್ಮು ಅದು. ಎಸ್‌ಎಕ್ಸ್-70 ಫಿಲ್ಮಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಅಳತೆ ಒಂದೇ, ನೋಡಲು ಎರಡೂ ಒಂದೇ ಥರ. ಹಳೆಯ ಕ್ಯಾಮೆರಾಗೆ ತಪ್ಪಿ ಹಾಕಬಾರದು ಎಂದೇ ತಳದಲ್ಲಿ ಆ ಉಬ್ಬುಗಳನ್ನು ಇಟ್ಟಿದ್ದಾರೆ. ಹಾಕಹೋದರೆ ತಡೆಯುತ್ತದೆ. ಬಲ ಹಾಕಿ ತಳ್ಳಿದರೆ ಹೋಗಿಬಿಡುತ್ತದೆ. ಹೋದ ಮೇಲೆ, ನಾಲ್ಕು ಪಟ್ಟು ಚುರುಕಾದ ಫಿಲ್ಮಿಗೆ ಕ್ಯಾಮೆರಾ ತನ್ನ ಹಳೆಯ ಲೆಕ್ಕದಲ್ಲೇ ಬೆಳಕು ಬಿಡುತ್ತದೆ. ಫೋಟೋ ಬಿಳಿಚದೆ ಇನ್ನೇನಾಗುತ್ತದೆ?

ಇನ್ನೊಂದು ಇತ್ತು. ಹಾಳೆ ತಳ್ಳುವ ಕೊಕ್ಕೆ ಬಗ್ಗಿತ್ತು. ಅವರು ನಾಲ್ಕು ಪೆನ್ಸಿಲ್ ಸೆಲ್ಲು ಜೋಡಿಸಿ, ಎರಡು ವೈರು ಹಿಡಿದು, ಪ್ಯಾಕಿನ ಬ್ಯಾಟರಿ ತಾಗಬೇಕಾದ ಜಾಗಕ್ಕೆ ಮುಟ್ಟಿಸಿದರು. ಮೋಟಾರು ಕಿರ್ರ್ ಎಂದು ತಿರುಗಿತು. ಆ ಸದ್ದು ಕೇಳಿ ನನ್ನ ಮೈ ಜುಮ್ಮೆಂದಿತು. 1986ರ ಮಧ್ಯಾಹ್ನದ ಸದ್ದು ಅದೇ. ಮೋಟಾರು, ಹಲ್ಲುಚಕ್ರ, ಕನ್ನಡಿ ಎಲ್ಲ ಸರಿಯಿದ್ದವು. ಕೊಕ್ಕೆ ಮುಂದಕ್ಕೆ ಬಂದು, ಹಾಳೆಯ ಅಂಚು ಇರಬೇಕಾದ ಜಾಗದಿಂದ ಒಂದು ನೂಲು ಪಕ್ಕಕ್ಕೆ ಜಾರಿ ಹೋಗುತ್ತಿತ್ತು. ಹದಿನಾರು ಎಂಎಂ ಪ್ರೊಜೆಕ್ಟರಿನಲ್ಲೂ ರೀಲು ಎಳೆಯಲು ಹೀಗೇ ಕೊಕ್ಕೆ ಇರುತ್ತದೆ, ಅದು ಸವೆದರೆ ಪರದೆಯ ಮೇಲೆ ಚಿತ್ರ ಕುಣಿಯುತ್ತದೆ ಎಂದರು. ಪ್ಯಾಕು ಓರೆಯಾಗಿ ಕೂತಿದ್ದರಿಂದ ಏಳು ಸಲ ಹೇಗೋ ತುದಿಯಲ್ಲಿ ಸಿಕ್ಕಿಕೊಂಡು, ಎಂಟನೇ ಸಲ ಜಾರಿರಬೇಕು ಎಂಬುದು ಅವರ ಊಹೆ.

"ತುಂಬುವಾಗಲೇ ಬಗ್ಗಿತಾ, ಆಮೇಲೆ ಯಾರಾದ್ರೂ ಎಳೆದು ಬಗ್ಗಿಸಿದ್ರಾ?"

"ಬಗ್ಗಿದೆ ಅಂತ ಗೊತ್ತಾಗತ್ತೆ. ಯಾವಾಗ ಬಗ್ತು ಅಂತ ಗೊತ್ತಾಗಲ್ಲ" ಎಂದರು. ಇಷ್ಟು ಖಚಿತವಾಗಿ ತಮಗೆ ಗೊತ್ತಿಲ್ಲದ್ದನ್ನು ಹೇಳುವವರನ್ನು ನಾನು ಹೆಚ್ಚು ಕಂಡಿಲ್ಲ.

ಪ್ಯಾಕಿನಲ್ಲಿ ಉಳಿದಿದ್ದ ಮೂರು ಹಾಳೆಗಳಲ್ಲಿ ಮೇಲಿನದನ್ನು ನನ್ನ ಆಸೆಗೆ ರೋಲರಿನಲ್ಲಿ ಹಾಯಿಸಿದರು. ಚೀಲದ ರಸ ಎಂದೋ ಒಣಗಿಹೋಗಿತ್ತು. ಏನೂ ಮೂಡಲಿಲ್ಲ.

*

ಫಿಲ್ಮು ತುಂಬಿದ್ದು ಯಾರು? ಅಮ್ಮನನ್ನು ಕೇಳಿದೆ. ಯಾಕೆ ಕೇಳುತ್ತಿದ್ದೇನೆಂದು ಹೇಳಲಿಲ್ಲ. "ನಿಮ್ಮಪ್ಪನೇ. ಬೆಳಿಗ್ಗೆ ಪೂಜೆಗೆ ಮುಂಚೆ ಕೂತು ತುಂಬಿದ್ರಲ್ಲ. ಬಿಗಿ ಇದೆ, ಬಿಗಿ ಇದೆ ಅಂತ ಗೊಣಗ್ತಾ ಇದ್ರು" ಎಂದರು ಅಮ್ಮ, ಹುರುಳಿಕಾಯಿಯ ನಾರು ತೆಗೆಯುತ್ತ. ಈ ಮಾತು 38 ವರ್ಷದಿಂದ ಅವರ ಬಳಿ ಇತ್ತು. ಯಾರೂ ಕೇಳಿರಲಿಲ್ಲ.

ಆಲ್ಬಂ ತೆಗೆದೆ. ಬಿಳಿಚಿದ ಏಳು ಫೋಟೋಗಳು ಈಗ ಹಳದಿಗೆ ತಿರುಗಿವೆ. ನನಗೆ ನಾಚಿಕೆಯಾದದ್ದು ಆಗ. ಏಳರಲ್ಲಿ ನಾಲ್ಕರಲ್ಲಿ ಚಿಕ್ಕಪ್ಪನೇ ಇದ್ದಾನೆ. ಒಂದರಲ್ಲಿ ಕಳಸದ ಪಕ್ಕ ನಿಂತಿದ್ದಾನೆ, ಇನ್ನೊಂದರಲ್ಲಿ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿ ತಟ್ಟೆ ಹಿಡಿದಿದ್ದಾನೆ. ಅವನು ಚಿತ್ರದಲ್ಲಿದ್ದರೆ ಒತ್ತಿದವರು ಬೇರೆ ಯಾರೋ ಆಗಿರಬೇಕಷ್ಟೆ. ಅಪ್ಪ ಇರುವುದು ಏಳನೆಯದರಲ್ಲಿ ಮಾತ್ರ, ತಾತನ ಪಕ್ಕದಲ್ಲಿ. ಅದೊಂದನ್ನು, ಅಪ್ಪ ಕ್ಯಾಮೆರಾ ಕೊಟ್ಟು "ಒಂದು ತೆಗಿಯೋ" ಎಂದ ಮೇಲೆ, ಚಿಕ್ಕಪ್ಪ ತೆಗೆದದ್ದು. ಎಂಟನೆಯದು ಅವನ ಕೈಯಲ್ಲಿ ನಿಂತಿತು. ಅಷ್ಟಕ್ಕೆ ಹಿಂದಿನ ಆರೂ ಅವನವೇ ಆಗಿಬಿಟ್ಟಿದ್ದವು. ನನ್ನ ನೆನಪಿನಲ್ಲೂ ಆ ದಿನದ ಫೋಟೋ ಎಲ್ಲ ಅವನೇ ತೆಗೆದದ್ದು. ಎಷ್ಟು ಸಲ ಈ ಆಲ್ಬಂ ತಿರುವಿ ಹಾಕಿದ್ದೇನೋ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವೆ. ಈ ಗಾದೆಯನ್ನು ಎಲ್ಲರೂ ಕಾಗೆಯ ಪರವಾಗಿ ಹೇಳುತ್ತಾರೆ, ಆದರೆ ಕಾಗೆ ನಮ್ಮ ಮನೆಯದಾದಾಗ ಕಲ್ಲು ಹೊಡೆಯುತ್ತಾರೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆ ಇದೆ. ಅಲ್ಲಿ ತರ್ಕ ಓದಿದ್ದ ತಾತನ ಸ್ನೇಹಿತರೊಬ್ಬರು ಸಂಜೆ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಕುಂಬಾರನ ಕತ್ತೆಯ ವಿಷಯವನ್ನು ಮಕ್ಕಳಿಗೆ ಕತೆಯ ಹಾಗೆ ಹೇಳುತ್ತಿದ್ದರು. ಗಡಿಗೆ ಆಗುವ ಮುಂಚೆ ಮಣ್ಣು ಹೊತ್ತ ಕತ್ತೆ ಅಲ್ಲಿತ್ತು. ಹಾಗೆಂದು ಗಡಿಗೆಗೆ ಕತ್ತೆ ಕಾರಣವೇ? ಕುಂಬಾರನ ಅಪ್ಪ? ಅವನಿಲ್ಲದೆ ಕುಂಬಾರ ಹುಟ್ಟುತ್ತಿರಲಿಲ್ಲ, ಆದರೂ ಅವನೂ ಕಾರಣನಲ್ಲ. ಮೊದಲು ಇದ್ದದ್ದೆಲ್ಲ ಕಾರಣವಾಗುವುದಿಲ್ಲ. ಅದಿಲ್ಲದೆಯೂ ಕೆಲಸ ಆಗುತ್ತಿತ್ತೇ ಎಂದು ನೋಡಬೇಕು. ಇಂಥವಕ್ಕೆ ಅನ್ಯಥಾಸಿದ್ಧ ಎಂದು ಹೆಸರು. ಇಷ್ಟು ಹೇಳಿಕೊಟ್ಟವರು ಷಷ್ಟ್ಯಬ್ದಿಯ ದಿನವೂ ಬಂದಿದ್ದರು, ಹೋಳಿಗೆ ಊಟ ಮಾಡಿ, ಗೋಡೆಗೆ ಒರಗಿ ಕೂತಿದ್ದರು. ಅವರೂ ಏನೂ ಅನ್ನಲಿಲ್ಲ. ಶಾಸ್ತ್ರ ಗೊತ್ತಿರುವುದು ಬೇರೆ, ಹಬ್ಬದ ಮನೆಯಲ್ಲಿ ಯಜಮಾನನ ಹಿರಿಯ ಮಗನ ಮಾತಿಗೆ ಅಡ್ಡ ಬರುವುದು ಬೇರೆ.

ನನ್ನನ್ನು ಕಾಡುತ್ತಿರುವುದು ತರ್ಕಕ್ಕಿಂತ ವ್ಯಾಕರಣ. ಕನ್ನಡದಲ್ಲಿ ಕೆಡು ಇದೆ, ಕೆಡಿಸು ಇದೆ. "ಕ್ಯಾಮೆರಾ ಕೆಟ್ಟಿತು" ಎನ್ನಬಹುದು, "ಕ್ಯಾಮೆರಾ ಕೆಡಿಸಿದ" ಎನ್ನಬಹುದು. ಯಾವಾಗ ಯಾವುದನ್ನು ಆರಿಸುತ್ತೇವೆ ಎಂದು ಒಂದು ವಾರ ನನ್ನ ಮನೆಯಲ್ಲೇ ಗಮನಿಸಿದೆ. ಕೆಲಸಕ್ಕೆ ಬರುವ ಹೆಂಗಸಿನ ಕೈಯಿಂದ ಬಿದ್ದರೆ "ಲೋಟ ಒಡೆದುಹಾಕಿದಳು". ನನ್ನ ಕೈಯಿಂದ ಬಿದ್ದರೆ "ಲೋಟ ಒಡೆದುಹೋಯಿತು". ಮಗನ ಪೆನ್ನು ಮಗ "ಕಳೆದ", ನನ್ನ ಕನ್ನಡಕ "ಕಳೆದುಹೋಯಿತು". ಕಚೇರಿಯಲ್ಲಿ ಕಡತ ಯಾವತ್ತೂ ತಾನಾಗಿಯೇ ಕಳೆದುಹೋಗುತ್ತದೆ, ರಸ್ತೆ ತಾನಾಗಿಯೇ ಹಾಳಾಗುತ್ತದೆ, ಮಳೆಗೆ ಗೋಡೆ ತಾನಾಗಿಯೇ ಕುಸಿಯುತ್ತದೆ. ಅಲ್ಲಿ ಯಾರು ಎಂದು ಕೇಳುವುದೇ ನ್ಯಾಯ. ಅಂಥ ಕಡೆ "ಯಾರದೂ ತಪ್ಪಿಲ್ಲ, ಕಾಲ ಹಾಗಿತ್ತು" ಎನ್ನುವವರನ್ನು ನಾನು ನಂಬುವುದಿಲ್ಲ. ಆದ್ದರಿಂದ ತಪ್ಪಿತಸ್ಥರನ್ನು ಹುಡುಕುವುದೇ ಬೇಡ, ಎಲ್ಲ ಯಂತ್ರದ ಹಾಗೆ ಎಂಬ ವೇದಾಂತ ಹೇಳಲು ನಾನು ಹೊರಟಿಲ್ಲ. ಗಮನಿಸಿದ್ದು ಇಷ್ಟು: ಮನೆಯಲ್ಲಿ ಯಾರ ಮೇಲೆ ನಮ್ಮ ಜೋರು ನಡೆಯುತ್ತದೋ ಅವರಿಗೆ ಒಂದು ಕ್ರಿಯಾಪದ, ನಮಗೂ ನಮ್ಮ ಮೇಲಿನವರಿಗೂ ಇನ್ನೊಂದು.

ಇನ್ನೊಂದು ಮಾತಿದೆ, ಕೈಗುಣ. ವೈದ್ಯರಿಗೆ, ಅಡುಗೆಯವರಿಗೆ, ಸಸಿ ನೆಡುವವರಿಗೆ ಒಳ್ಳೆಯ ಕೈಗುಣ ಇರುತ್ತದೆ ಎನ್ನುತ್ತೇವೆ. ಚೆಂದದ ಮಾತು. ಅದರ ತಿರುವುಮುರುವು ಎಷ್ಟು ಕ್ರೂರ ಎಂದು ಗೊತ್ತಾಗಬೇಕಾದರೆ ಕೈಗುಣ ಸರಿಯಿಲ್ಲ ಎನ್ನಿಸಿಕೊಂಡವರ ಮನೆಯಲ್ಲಿ ಬೆಳೆಯಬೇಕು. ರೇಡಿಯೊ ಬಿಚ್ಚಿ ನೋಡುವ ಹುಚ್ಚು ಚಿಕ್ಕಪ್ಪನಿಗಿತ್ತು. ಆ ದಿನದ ನಂತರ ತಾತ ಅವನ ಕೈಗೆ ಸ್ಕ್ರೂಡ್ರೈವರ್ ಸಿಗದಂತೆ ಬೀರುವಿನಲ್ಲಿಟ್ಟರು. ಬಿ.ಕಾಂ. ಮುಗಿಸಿದ್ದವನು ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ, ಅದರಲ್ಲೇ ನಿವೃತ್ತನಾದ. ಕ್ಯಾಮೆರಾದ ಕಾರಣದಿಂದ ಅವನ ಜೀವನ ಹೀಗಾಯಿತು ಎಂದು ಬರೆಯಲು ಕೈ ತುಡಿಯುತ್ತದೆ. ಬರೆದರೆ ನಾನೂ ಕತ್ತೆಯನ್ನು ಹಿಡಿದಂತೆ. ಕೆಲಸ ಸಿಕ್ಕಿತು, ಸೇರಿದ, ಅಷ್ಟೇ ಇರಬಹುದು.

*

ಈಗ ಗೊತ್ತಾದದ್ದನ್ನು ಅವನಿಗೆ ಹೇಳಬೇಕೇ? ಎರಡು ವಾರ ಒದ್ದಾಡಿದೆ.

ಹೇಳಿದರೆ ಆಗುವುದೇನು? ಚಿಕ್ಕಪ್ಪನ ತಲೆಯ ಮೇಲಿದ್ದದ್ದನ್ನು ಎತ್ತಿ ಅಪ್ಪನ ತಲೆಯ ಮೇಲೆ ಇಡುವುದು. ಅಪ್ಪ ಈಗ ಉತ್ತರ ಕೊಡಲಾರರು. ನಿಜ ಹೇಳಬೇಕೆಂದರೆ, ಫಿಲ್ಮಿನ ವಿಷಯದಲ್ಲಿ ಅಪ್ಪನದೂ ತಪ್ಪಿಲ್ಲ. ನೋಡಲು ಒಂದೇ ಥರದ ಪ್ಯಾಕು, ಮೂರು ವರ್ಷ ಕಾದದ್ದು, ಪೂಜೆಯ ಗಡಿಬಿಡಿ. ಬಿಗಿ ಇದ್ದರೆ ಯಾರಾದರೂ ಒಂದಿಷ್ಟು ಬಲ ಹಾಕುತ್ತಾರೆ. ಕಳಿಸಿದವರಿಗೂ ಗೊತ್ತಿರಲಿಲ್ಲ. ಕ್ಯಾಮೆರಾ ಕೆಟ್ಟಿತು, ಯಾರೂ ಕೆಡಿಸಲಿಲ್ಲ. ಅಪ್ಪ ಮಾಡಿದ ತಪ್ಪು ಬೆಳಿಗ್ಗೆಯದಲ್ಲ, ಮಧ್ಯಾಹ್ನದ್ದು. ಏಳು ವರ್ಷದವಳನ್ನು ಎದುರು ಕೂರಿಸಿಕೊಂಡು, ಉತ್ತರ ಮೊದಲೇ ಗೊತ್ತಿದ್ದ ಪ್ರಶ್ನೆಯನ್ನು ಎಲ್ಲರ ಮುಂದೆ ಕೇಳಿದ್ದು. ಬೆಳಿಗ್ಗೆ ಬಿಗಿ ಎನಿಸಿದ್ದು ಅವರಿಗೆ ಆಗ ನೆನಪಾಗಿರಲಿಲ್ಲವೇ? ನೆನಪಾಗಿತ್ತು, ಅದಕ್ಕೇ ಅಷ್ಟು ಅವಸರ ಮಾಡಿದರು ಎಂದು ಒಂದು ರಾತ್ರಿ ಅನ್ನಿಸಿತು. ಆದರೆ ಅದಕ್ಕೆ ನನ್ನ ಹತ್ತಿರ ಯಾವ ಪುರಾವೆಯೂ ಇಲ್ಲ. ಯಾವಾಗ ಬಗ್ಗಿತು ಎಂದು ಗೊತ್ತಾಗುವುದಿಲ್ಲ.

ನನ್ನ ಪಾಲೂ ಇತ್ತು. ಏಳು ವರ್ಷದವಳನ್ನು ಯಾರೂ ದೂರುವುದಿಲ್ಲ, ಸರಿ. ಆದರೆ ಹದಿನೇಳಕ್ಕೂ ಮೂವತ್ತೇಳಕ್ಕೂ ಆ ನಗೆಚಾಟಿಕೆಯಲ್ಲಿ ನಾನಿದ್ದೆ. ಉಪ್ಪಾರಪೇಟೆಯ ಅಂಗಡಿಯಲ್ಲೂ ಮೊದಲ ವಾಕ್ಯ ಅದೇ ಬಂದಿತ್ತಲ್ಲ.

ಹೇಳುವುದೆಂದು ನಿರ್ಧರಿಸಿದೆ. ಅಪ್ಪನ ಹೆಸರು ಎತ್ತದೆ, ಫಿಲ್ಮು ತಪ್ಪಾಗಿತ್ತು ಎಂದಷ್ಟೇ ಹೇಳುವುದು. ಒಂದು ಭಾನುವಾರ ಬೆಳಿಗ್ಗೆ ರಿಪೇರಿಯಾದ ಕ್ಯಾಮೆರಾ ಹಿಡಿದು ಅವನ ಮನೆಗೆ ಹೋದೆ. ಅಮ್ಮನೂ ಬಂದರು. ಕಾಫಿ ಮುಗಿದ ಮೇಲೆ ಡಬ್ಬಿ, ಪ್ಯಾಕು, ಆಲ್ಬಂ ಎಲ್ಲ ಹರಡಿಕೊಂಡು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಅವನು ಕನ್ನಡಕ ಹಾಕಿಕೊಂಡು ಪ್ಯಾಕಿನ ತಳದ ಉಬ್ಬುಗಳನ್ನು ಬಹಳ ಹೊತ್ತು ನೋಡಿದ. ಸಮಾಧಾನವಾಗಬಹುದು, ಸಿಟ್ಟಾಗಬಹುದು ಎಂದುಕೊಂಡಿದ್ದೆ.

"ಎಳೆದವನು ನಾನೇ ಕಣೇ" ಎಂದ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ, ಸರಿಮಾಡಿಟ್ಟುಬಿಟ್ಟರೆ ಬೆಳಿಗ್ಗೆ ಯಾರೂ ಏನೂ ಅನ್ನುವುದಿಲ್ಲ ಎಂದು ಕ್ಯಾಮೆರಾ ತೆಗೆದುಕೊಂಡು ಹಿತ್ತಲಿನ ಬಚ್ಚಲಮನೆಗೆ ಹೋಗಿದ್ದನಂತೆ. ದೀಪ ಕಂಡರೆ ಯಾರಾದರೂ ಎದ್ದಾರೆಂದು ಬಾಗಿಲು ಹಾಕಿಕೊಂಡು, ಮುಚ್ಚಳ ತೆಗೆದು ಪ್ಯಾಕು ಎಳೆದ. ಅರ್ಧ ಇಂಚು ಬಂದು ಸಿಕ್ಕಿಕೊಂಡಿತು. ಚಮಚದ ಹಿಡಿ ತೂರಿಸಿ ಮೀಟಿದ. ಒಳಗೆ ಏನೋ ಟಕ್ ಎಂದಿತು. ಹೆದರಿ ವಾಪಸು ತಳ್ಳಿ, ಮುಚ್ಚಿ, ಇದ್ದಲ್ಲೇ ಇಟ್ಟು ಬಂದ. "ಮಧ್ಯಾಹ್ನ ನಾನೇನೂ ಮಾಡಿರ್ಲಿಲ್ಲ ಅಂತ ನಂಗೆ ಗೊತ್ತಿತ್ತು. ರಾತ್ರಿ ಮಾಡ್ದೆ. ಅದಕ್ಕೇ ಆಮೇಲೆ ಯಾರು ಏನಂದ್ರೂ ಸುಮ್ನಿದ್ದೆ. ಅಂದಿದ್ದು ಸರಿಯಾಗೇ ಇತ್ತಲ್ಲ."

ನಾನು ಸೊನ್ನೆಯ ವಿಷಯ ಹೇಳಿದೆ. ಮೂರು ಸಲ ಒತ್ತಿದರೂ ಬರದೆ ಹೋದದ್ದು ಮಧ್ಯಾಹ್ನವೇ, ರಾತ್ರಿಯ ಟಕ್‌ಗೆ ಮುಂಚೆ. "ಹೌದಾ?" ಎಂದ. "ಇರಬಹುದು. ಮಧ್ಯಾಹ್ನ ಒಂದು ನೂಲು ಬಗ್ಗಿದ್ದನ್ನ ನಾನು ಪೂರ್ತಿ ಬಗ್ಗಿಸಿರಬಹುದು." ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೆಕ್ಯಾನಿಕ್ಕಿನ ಹತ್ತಿರವೂ ಇರಲಿಲ್ಲ. ಅಪರಾಧಿ ಎಂದು ಕರೆಸಿಕೊಂಡದ್ದರಿಂದಲೇ ಒಬ್ಬ ಹುಡುಗ ಅರ್ಧರಾತ್ರಿಯಲ್ಲಿ ಚಮಚ ಹಿಡಿದು ಬಚ್ಚಲಿಗೆ ಹೋದದ್ದನ್ನು ಯಾವ ಲೆಕ್ಕಕ್ಕೆ ಬರೆಯಬೇಕು ಎಂದು ನನಗೆ ಈಗಲೂ ತಿಳಿಯುತ್ತಿಲ್ಲ.

"ಫಿಲ್ಮ್ ತುಂಬಿದ್ದು ಅಣ್ಣ" ಎಂದು ಅವನೇ ಹೇಳಿದ, ಆಲ್ಬಂ ಮುಚ್ಚುತ್ತ. "ಬಿಗಿ ಇದೆ ಅಂತಿದ್ದ. ನಾನು ಪಕ್ಕದಲ್ಲೇ ಇದ್ದೆ."

ಅಮ್ಮ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ನಾನು ಹೊಸ ಫಿಲ್ಮು ತಂದಿದ್ದೆ, ಈ ಸಲ ಸರಿಯಾದದ್ದು. 2008ರಲ್ಲಿ ಕಂಪನಿ ಈ ಫಿಲ್ಮುಗಳ ತಯಾರಿಕೆಯನ್ನೇ ನಿಲ್ಲಿಸಿತ್ತು. ನೆದರ್‌ಲ್ಯಾಂಡ್ಸಿನ ಎನ್‌ಸ್ಕೆಡೆಯಲ್ಲಿ ಮುಚ್ಚುತ್ತಿದ್ದ ಕಾರ್ಖಾನೆಯ ಯಂತ್ರಗಳನ್ನು ಕೆಲವರು ಕೊಂಡು ಉಳಿಸಿಕೊಂಡು, ಹಳೆಯ ರಾಸಾಯನಿಕಗಳು ಸಿಗದಿದ್ದರಿಂದ ಹೊಸದಾಗಿ ಕಂಡುಕೊಂಡು, 2010ರಲ್ಲಿ ಮತ್ತೆ ಮಾರಾಟಕ್ಕೆ ತಂದರು. ಈಗ ಪ್ಯಾಕಿನಲ್ಲಿ ಎಂಟೇ ಫೋಟೋ. ಬೆಲೆ ಕೇಳಿದರೆ ಅಮ್ಮ ಬೈಯುತ್ತಾರೆ. ಪ್ಯಾಕು ತುಂಬಲು ಚಿಕ್ಕಪ್ಪನ ಕೈಗೆ ಕೊಟ್ಟೆ. "ನೀನೇ ಹಾಕು" ಎಂದ. "ಬೇಡ, ನೀನು" ಎಂದೆ. ಹೀಗೇ ಎರಡು ಸಲ ಆಯಿತು. ಕೊನೆಗೆ ಅವನು ಪಂಚೆಗೆ ಕೈ ಒರೆಸಿಕೊಂಡು ಪ್ಯಾಕನ್ನು ಹಿಡಿದು ನಿಧಾನ ಸರಿಸಿದ. ತಡೆಯಲಿಲ್ಲ, ಎಣ್ಣೆ ಸವರಿದ ಹಾಗೆ ಹೋಯಿತು. ಮುಚ್ಚಳ ಹಾಕಿದ ಕೂಡಲೆ ಮೋಟಾರು ತಿರುಗಿ, ಮೇಲಿದ್ದ ಕಪ್ಪು ರಕ್ಷಾಹಾಳೆ ಹೊರಗೆ ಬಂತು. ಅವನು ಬೆಚ್ಚಿ ಕ್ಯಾಮೆರಾ ಬಿಟ್ಟೇಬಿಡುತ್ತಿದ್ದ.

ಅಂಗಳದ ಬಿಸಿಲಲ್ಲಿ ತುಳಸಿಕಟ್ಟೆಯ ಪಕ್ಕ ನನ್ನನ್ನೂ ಅಮ್ಮನನ್ನೂ ನಿಲ್ಲಿಸಿ ಒತ್ತಿದ. ಅವನದೊಂದು ಫೋಟೋ ತೆಗೆಯಬೇಕೆಂದು ಬಂದಿದ್ದೆ, ಮೊದಲ ಫೋಟೋ ಅವನು ತೆಗೆದದ್ದಾಯಿತು. ಹಾಳೆ ಹೊರಬಂದಿತು. ಈಗಿನ ಫಿಲ್ಮಿಗೆ ಮೊದಲು ಬೆಳಕು ತಾಗಬಾರದು ಎಂದು ಅಂಗಿಯ ಜೇಬಿಗೆ ಹಾಕಿಕೊಂಡು, ಮೇಲೆ ಅಂಗೈ ಮುಚ್ಚಿ, ಹದಿನೈದು ನಿಮಿಷ ಹಾಗೇ ಓಡಾಡಿದ. ಎರಡು ಸಲ ಗಡಿಯಾರ ನೋಡಿದ. ಆಮೇಲೆ ತೆಗೆದು ಬೆಳಕಿಗೆ ಹಿಡಿದ. ಅಮ್ಮ ಕಣ್ಣು ಮುಚ್ಚಿದ್ದರು. ನನ್ನ ಮುಖ ಮುಖದ ಬಣ್ಣದಲ್ಲೇ ಇತ್ತು. ಎಡಗಡೆ, ಮೇಲಿನಿಂದ ಕೆಳಗೆ, ಒಂದೇ ಅಂತರದಲ್ಲಿ ಚಿಕ್ಕ ಚಿಕ್ಕ ಬಿಳಿ ಚುಕ್ಕೆಗಳ ಸಾಲು.

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಫೋಟೋವನ್ನು ಕಣ್ಣಿನ ಹತ್ತಿರ ತಂದು, ಬೆರಳ ಗೆಣ್ಣಿನಿಂದ ಚುಕ್ಕೆಗಳ ನಡುವಿನ ಅಂತರ ಅಳೆದ. "ರೋಲರ್‌ಗೆ ಏನೋ ಅಂಟ್ಕೊಂಡಿದೆ. ಒಂದು ಸುತ್ತಿಗೆ ಒಂದು ಸಲ ಒತ್ತುತ್ತಾ ಇದೆ" ಎಂದವನು, ಒದ್ದೆಬಟ್ಟೆ ಎಲ್ಲಿದೆ ಎಂದು ಕೇಳುತ್ತ ಅಡುಗೆಮನೆಗೆ ಹೋದ.